ತೋಟದ ನಾಯಿಯ ಚಿಗಟಕ್ಕೆ ಯಾವ ಮದ್ದು?

ಕಳೆದ ವಾರ ಸಂತೆಯ ದಿನ ನಾವು ಸಂಘದ ಔಷಧಿ ಮಳಿಗೆಯಲ್ಲಿ ಕುಳಿತಿದ್ದಾಗ ಸದಸ್ಯರೊಬ್ಬರ ಮಗ ಬಂದು, ಕಾಂಡಕೊರಕಕ್ಕೆ ಒರೆಸುವ ಔಷಧಿ ಐವತ್ತು ಮಿ.ಲೀ.ನಷ್ಟು ಚಿಲ್ಲರೆ ಸಿಕ್ಕೀತೇ ಎಂದು ಕೇಳಿದ. ಇಷ್ಟು ಸ್ವಲ್ಪ ಔಷಧಿ ಏತಕ್ಕೆಂದು ವಿಚಾರಿಸಲಾಗಿ, "ಗಿಡಕ್ಕಲ್ಲ ಚಿಕ್ಕಪ್ಪ, ನಾಯಿಗೆ. ಚಿಗಟ ಹಿಡಿದು ರಾತ್ರಿಯೆಲ್ಲ ಕೆರೆದುಕೊಳ್ಳುತ್ತದೆ. ಅಜ್ಜಿಗೆ ಜಗಲಿಯಲ್ಲಿ ಕೂರಲು ಆಗುತ್ತಿಲ್ಲ, ಕಾಲೆಲ್ಲ ದದ್ದು" ಎಂದ. ಕೀಟನಾಶಕದ ಸೀಲು ಒಡೆದು ಸೀಸೆಗೆ ಸುರಿದು ಕೊಡುವುದು ಕಾನೂನಿಗೂ ಒಪ್ಪಿದ್ದಲ್ಲ, ನಮ್ಮ ಸಂಘದಲ್ಲಿ ಆ ರೂಢಿಯೂ ಇಲ್ಲ. ಇಲ್ಲವೆಂದು ಹೇಳಿದೆವು. ಆದರೆ ಆ ಹುಡುಗನಿಗೆ ಬುದ್ಧಿ ಹೇಳುವ ಬಾಯಿ ನಮಗಿರಲಿಲ್ಲ. ಏಕೆಂದರೆ ಅವನು ಮಾಡಹೊರಟಿದ್ದನ್ನು ನಾವು ಒಮ್ಮೆ ಮಾಡಿದ್ದೇವೆ.

ಒಂಬತ್ತು ವರ್ಷದ ಹಿಂದಿನ ಮಾತು. ಇದೇ ಅಕ್ಟೋಬರ್ ತಿಂಗಳು. ಅರೇಬಿಕಾ ಗಿಡಗಳ ಕಾಂಡಕ್ಕೆ ಔಷಧಿ ಒರೆಸುವ ಕೆಲಸ ಮುಗಿದು ಬ್ಯಾರಲ್ಲಿನ ತಳದಲ್ಲಿ ಒಂದೆರಡು ಕೊಡದಷ್ಟು ದ್ರಾವಣ ಉಳಿದಿತ್ತು. ನಮ್ಮ ಮನೆಯ ನಾಯಿ ಕಾಳ ಆ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಬಾಲದ ಬುಡದ ಕೂದಲನ್ನೆಲ್ಲ ಕಚ್ಚಿ ಕಚ್ಚಿ ಕಿತ್ತುಕೊಂಡು, ಬೆನ್ನು ಹಸಿ ಗಾಯವಾಗಿತ್ತು. ಕೆಲಸದ ಆಳು, "ಮರದೊಳಗಿನ ಹುಳ ಸಾಯುವ ಔಷಧಿಗೆ ಚಿಗಟ ಸಾಯದೇ ಅಯ್ಯಾ?" ಎಂದ. ಬಿ.ಎಸ್ಸಿ. ಓದಿದವರು, ಸಂಘದ ಕೀಟನಾಶಕ ದಾಸ್ತಾನು ಪುಸ್ತಕಕ್ಕೆ ಪ್ರತಿ ತಿಂಗಳು ಸಹಿ ಹಾಕುವವರು, "ಇನ್ನಷ್ಟು ನೀರು ಸೇರಿಸಿ ಹಾಕು" ಎಂದೆವು. ನಾಯಿಯನ್ನು ಹಿಡಿದುಕೊಂಡವರೂ ನಾವೇ.

ಎರಡು ಗಂಟೆಯೊಳಗೆ ಕಾಳನ ಬಾಯಿಂದ ನೂಲಿನಂತೆ ಜೊಲ್ಲು ಇಳಿಯತೊಡಗಿತು. ವಾಂತಿಯಾಯಿತು, ಭೇದಿಯಾಯಿತು. ಹಿಂಗಾಲುಗಳು ನಡುಗಿ ಕುಸಿದವು. ಜೀಪಿನಲ್ಲಿ ಹಾಕಿಕೊಂಡು ಪಶುವೈದ್ಯರ ಮನೆಗೆ ಹೋಗುವಾಗ ರಾತ್ರಿ ಒಂಬತ್ತು ದಾಟಿತ್ತು. ಅವರು ಟಾರ್ಚು ಬಿಟ್ಟು ಕಣ್ಣು ನೋಡಿ, ಪಾಪೆ ಸಾಸಿವೆಕಾಳಿನಷ್ಟಾಗಿರುವುದನ್ನು ನಮಗೂ ತೋರಿಸಿ, "ಯಾವ ಔಷಧಿ? ಸೀಸೆ ಎಲ್ಲಿ?" ಎಂದು ಕೇಳಿದರು. ನಾವು ಸೀಸೆ ಒಯ್ದಿರಲಿಲ್ಲ. ಒಯ್ದಿದ್ದರೂ ಪ್ರಯೋಜನವಿರಲಿಲ್ಲವೆನ್ನಿ, ಅದನ್ನು ಬ್ರಾಂದಿಯ ಖಾಲಿ ಬಾಟಲಿಗೆ ಸುರಿದಿಟ್ಟಿದ್ದೆವು. ಅಟ್ರೋಪಿನ್ ಚುಚ್ಚಿದರು, ಮೈಯನ್ನು ಸಾಬೂನು ಹಚ್ಚಿ ಮೂರು ಸಲ ತೊಳೆಸಿದರು. ಹೊತ್ತು ಮೂಡುವ ಮೊದಲೇ ಕಾಳ ಹೋಯಿತು. ನಮ್ಮ ಮನೆಯವರು ಎಂಟು ದಿನ ನಮ್ಮೊಡನೆ ನಾಯಿಯ ಮಾತೆತ್ತಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವುಂಟು. ಮಲೆನಾಡಿನಲ್ಲಿ ನಾಯಿಯಿಲ್ಲದ ತೋಟದ ಮನೆ ಅಪರೂಪ, ಕೀಟನಾಶಕವಿಲ್ಲದ ತೋಟದ ಮನೆಯೂ ಅಪರೂಪ. ಎರಡೂ ಒಂದೇ ಅಂಗಳದಲ್ಲಿರುವುದರಿಂದ ಕೈ ಮೊದಲು ಹೋಗುವುದು ಔಷಧಿ ಕೋಣೆಯ ಕಡೆಗೆ. ಇದು ನಮ್ಮ ಕಾಲದಲ್ಲಿ ಆರಂಭವಾದದ್ದೂ ಅಲ್ಲ. ನಮ್ಮ ತಂದೆಯವರ ಕಾಲದಲ್ಲಿ ಬಿ.ಎಚ್.ಸಿ. ಪುಡಿ, ಅಂದರೆ ಜನರು ಗ್ಯಾಮಕ್ಸಿನ್ ಎನ್ನುತ್ತಿದ್ದುದನ್ನು, ಬಟ್ಟೆಯ ಗಂಟು ಕಟ್ಟಿ ನಾಯಿಯ ಮೈಮೇಲೆ ಉದುರಿಸುತ್ತಿದ್ದರು. ಅದೇ ಗಂಟು ದನದ ಬೆನ್ನಿಗೂ ಹೋಗುತ್ತಿತ್ತು, ಕೆಲವರ ಮನೆಯಲ್ಲಿ ಹೇನು ಹಿಡಿದ ಮಕ್ಕಳ ತಲೆಗೂ ಹೋಗುತ್ತಿತ್ತು. ಬಿ.ಎಚ್.ಸಿ.ಯನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಅದರದೇ ಸಾರವಾದ, ಕಾಂಡಕೊರಕಕ್ಕೆ ನಾವೆಲ್ಲ ವರ್ಷಗಟ್ಟಲೆ ಒರೆಸಿದ ಲಿಂಡೇನಿನ ತಯಾರಿಕೆ 2011ರಲ್ಲಿಯೂ ಬಳಕೆ 2013ರಲ್ಲಿಯೂ ನಿಂತಿತು. ಆದರೂ ಅಟ್ಟದ ಮೇಲೆ ತುಕ್ಕು ಹಿಡಿದ ಡಬ್ಬಿಗಳು ಇನ್ನೂ ಇರುವ ಮನೆಗಳನ್ನು ನಾವು ಬಲ್ಲೆವು. "ಹಳೆಯ ಪುಡಿ, ಆದರೆ ಒಳ್ಳೇ ಪುಡಿ" ಎಂದು ಅದನ್ನು ಜೋಪಾನ ಮಾಡಿರುವ ಹಿರಿಯರಿದ್ದಾರೆ. ದಯವಿಟ್ಟು ಅದನ್ನು ನಾಯಿಗೂ ಹಾಕಬಾರದು, ಹಳ್ಳಕ್ಕೂ ಸುರಿಯಬಾರದು.

ಈಗಿನ ಕ್ಲೋರ್‌ಪೈರಿಫಾಸ್ ಜಾತಿಯ ಔಷಧಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿದರೆ ಅದು ನಾಯಿಗೆ ಏಕೆ ಸಲ್ಲದೆಂಬುದು ತಾನಾಗಿಯೇ ತಿಳಿಯುತ್ತದೆ. ನರದಿಂದ ಸ್ನಾಯುವಿಗೆ ಹೋದ ಅಪ್ಪಣೆಯನ್ನು ಅಲ್ಲಿಗೆ ಮುಗಿಸುವುದಕ್ಕೆ ಶರೀರದಲ್ಲಿ ಒಂದು ಕಿಣ್ವವಿದೆ. ಈ ಔಷಧಿ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಅಪ್ಪಣೆ ನಿಲ್ಲದೆ ಸ್ನಾಯು ನಡುಗುತ್ತದೆ, ಜೊಲ್ಲು ನಿಲ್ಲದೆ ಹರಿಯುತ್ತದೆ, ಕೊನೆಗೆ ಉಸಿರು ಕಟ್ಟುತ್ತದೆ. ಇಂಥ ಕಿಣ್ವ ಕೊರಕಕ್ಕೂ ಇದೆ, ನಾಯಿಗೂ ಇದೆ, ಔಷಧಿ ಒರೆಸುವ ಆಳಿಗೂ ಇದೆ. ಅಲ್ಲದೆ ತೋಟದ ಔಷಧಿಯನ್ನು ನೀರಿನಲ್ಲಿ ಬೆರೆಯುವಂತೆ ಮಾಡಲು ಸೇರಿಸಿರುವ ಎಣ್ಣೆಯಂಥ ದ್ರಾವಕಗಳು ಚರ್ಮದ ಮೂಲಕ ಒಳಗಿಳಿಯುವುದಕ್ಕೆ ದಾರಿ ಮಾಡುತ್ತವೆ. ಚರ್ಮ ಕೆರೆದು ಹಸಿಯಾಗಿದ್ದರೆ ಇನ್ನೂ ಬೇಗ. ಮೇಲಾಗಿ ನಾಯಿ ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿ.

ಮೊದಲು ಹುಳ ಯಾವುದು ನೋಡಿ

ನಾಯಿ ಕೆರೆದುಕೊಂಡರೆ ಚಿಗಟವೆಂದೇ ತಿಳಿಯಬೇಕಾಗಿಲ್ಲ. ಉಣ್ಣೆಗೆ ಎಂಟು ಕಾಲು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕಚ್ಚಿ ಹಿಡಿದು ಅಲ್ಲಿಯೇ ಉಬ್ಬುತ್ತದೆ, ಹಾರುವುದಿಲ್ಲ. ಕಜ್ಜಿಯ ಹುಳ ಕಣ್ಣಿಗೆ ಕಾಣುವುದೇ ಇಲ್ಲ. ಚಿಗಟವಾದರೆ ಕಂದು ಬಣ್ಣ, ಎರಡೂ ಪಕ್ಕದಿಂದ ಅದುಮಿದಂತಿರುವ ಮೈ, ಕೂದಲ ನಡುವೆ ಓಡುತ್ತದೆ, ಹಿಡಿಯಹೋದರೆ ಹಾರುತ್ತದೆ. ಹುಳ ಕೈಗೆ ಸಿಗದಿದ್ದರೂ ಅದರ ಹಿಕ್ಕೆ ಸಿಗುತ್ತದೆ. ಹೇನು ತೆಗೆಯುವ ಸೀರಣಿಗೆಯಿಂದ ಬಾಲದ ಬುಡವನ್ನೂ ಸೊಂಟವನ್ನೂ ಬಾಚಿ, ಉದುರಿದ ಕರಿ ಕಾಳುಗಳನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಇಡಿ. ಮಣ್ಣಾಗಿದ್ದರೆ ಕರಗಿ ಮಣ್ಣಿನ ಬಣ್ಣವೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾಗಿದ್ದರೆ ಸುತ್ತ ಕೆಂಪು ಕಲೆ ಹರಡುತ್ತದೆ, ಏಕೆಂದರೆ ಅದು ನಾಯಿಯದೇ ಒಣಗಿದ ರಕ್ತ.

ಈ ಪರೀಕ್ಷೆ ಮಾಡದೆ ಔಷಧಿ ಕೊಂಡರೆ ಹಣ ಹಾಳು. ಉದಾಹರಣೆಗೆ, ದನದ ಉಣ್ಣೆಗೆಂದು ಅನೇಕರ ಮನೆಯಲ್ಲಿ ಇರುವ ಅಮಿಟ್ರಾಜ್ ಉಣ್ಣೆಗೂ ಕಜ್ಜಿಗೂ ಒಳ್ಳೆಯದೇ; ಚಿಗಟಕ್ಕೆ ಅದು ಹೇಳಿಕೊಳ್ಳುವಂಥ ಮದ್ದಲ್ಲ. ಐವರ್‌ಮೆಕ್ಟಿನ್ ಚುಚ್ಚುಮದ್ದಿನದೂ ಅಷ್ಟೇ. ದನಕ್ಕೆ ತಂದ ಸೀಸೆಯಲ್ಲಿ ಉಳಿದದ್ದನ್ನು ನಾಯಿಗೆ ಅಂದಾಜಿನಲ್ಲಿ ಚುಚ್ಚುವವರಿದ್ದಾರೆ. ಚಿಗಟ ಅದರಿಂದ ಹೋಗುವುದಿಲ್ಲ. ಅಳತೆ ತಪ್ಪಿದರೆ, ಅಥವಾ ಕೋಲಿಯಂಥ ಕೆಲವು ತಳಿಗಳಲ್ಲಿ ಅಲ್ಪ ಅಳತೆಗೂ, ನಾಯಿಯ ಮಿದುಳಿಗೆ ವಿಷವೇರುತ್ತದೆ.

ಕಾಯಿಕೊರಕ ಬಲ್ಲವರಿಗೆ ಚಿಗಟ ಹೊಸದಲ್ಲ

1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡ ಕಾಯಿಕೊರಕ ನಮ್ಮ ಕಡೆಗೆ ಹಬ್ಬಿದ ಮೇಲೆ ಬೆಳೆಗಾರರು ಕಲಿತ ಪಾಠವೊಂದಿದೆ. ಗಿಡಕ್ಕೆ ಎಷ್ಟೇ ಸಿಂಪಡಿಸಲಿ, ಬುಡದಲ್ಲಿ ಉದುರಿದ ಹಣ್ಣನ್ನು ಆರಿಸದಿದ್ದರೆ ಮುಂದಿನ ವರ್ಷ ಕೊರಕ ಅಲ್ಲಿಂದಲೇ ಏಳುತ್ತದೆ. ಚಿಗಟದ ವಿಷಯವೂ ಇದೇ. ನಾಯಿಯ ಮೈಮೇಲೆ ಕಾಣುವ ಚಿಗಟ ಒಟ್ಟು ಸಂಸಾರದಲ್ಲಿ ನೂರಕ್ಕೆ ಸುಮಾರು ಐದು ಪಾಲು ಮಾತ್ರ. ಉಳಿದ ತೊಂಬತ್ತೈದು ಪಾಲು ಮೊಟ್ಟೆ, ಮರಿಹುಳ ಮತ್ತು ಗೂಡಿನ ರೂಪದಲ್ಲಿ ನಾಯಿ ಮಲಗುವ ಜಾಗದಲ್ಲಿರುತ್ತದೆ.

ಹೆಣ್ಣು ಚಿಗಟ ದಿನಕ್ಕೆ ನಲವತ್ತು ಐವತ್ತರವರೆಗೂ ಮೊಟ್ಟೆಯಿಡಬಲ್ಲದು. ಆ ಮೊಟ್ಟೆ ಅಂಟುವುದಿಲ್ಲ. ನಾಯಿ ಮೈಕೊಡವಿದಲ್ಲೆಲ್ಲ ರವೆಯಂತೆ ಉದುರುತ್ತದೆ. ಮರಿಹುಳ ಬೆಳಕಿಗೆ ಹೆದರಿ ಬಿರುಕಿಗೆ, ಗೋಣಿಯ ಮಡಿಕೆಗೆ, ದೂಳಿನ ಅಡಿಗೆ ಇಳಿದು, ಮೇಲಿನಿಂದ ಬೀಳುವ ಒಣ ರಕ್ತದ ಹಿಕ್ಕೆಯನ್ನೇ ತಿಂದು ಬೆಳೆದು, ನೂಲು ಸುತ್ತಿ ಗೂಡು ಕಟ್ಟಿಕೊಳ್ಳುತ್ತದೆ. ಬೆಚ್ಚಗೆ ತೇವವಾಗಿದ್ದರೆ ಮೂರು ವಾರದಲ್ಲಿ ಒಂದು ತಲೆಮಾರು ಮುಗಿಯುತ್ತದೆ. ಇಲ್ಲವಾದರೆ ಗೂಡಿನೊಳಗೆ ತಿಂಗಳುಗಟ್ಟಲೆ ಕಾದು ಕುಳಿತಿದ್ದು, ನೆಲದ ಅದಿರು, ಮೈಯ ಶಾಖ, ಬಿಡುವ ಉಸಿರು ಇವುಗಳ ಸುಳಿವು ಸಿಕ್ಕ ಕ್ಷಣದಲ್ಲಿ ಹೊರಗೆ ನೆಗೆಯುತ್ತದೆ. ಮಕ್ಕಳ ಮನೆಗೆಂದು ಬೆಂಗಳೂರಿಗೆ ಹೋಗಿ ತಿಂಗಳು ಕಳೆದು ಬಂದು ಬಾಗಿಲು ತೆಗೆದ ಕೂಡಲೇ ಕಾಲಿಗೆ ಚಿಗಟ ಮುತ್ತುವುದು ಇದರಿಂದಲೇ. ಹಳಬರು ನಾಯಿಯೊಡನೆ ಬಿಟ್ಟುಹೋದ ಲೈನ್ ಮನೆಗೆ ಹೊಸ ಸಂಸಾರ ಬಂದ ರಾತ್ರಿಯೇ ಮಕ್ಕಳು ಅಳುವುದೂ ಇದರಿಂದಲೇ. ಅಂಥಲ್ಲಿ "ಈ ಜನ ಚಿಗಟ ತಂದರು" ಎಂದು ಮಾತನಾಡುವುದನ್ನು ಕೇಳಿದ್ದೇವೆ. ಅವರು ತಂದದ್ದಲ್ಲ, ನಾವು ಅವರಿಗಾಗಿ ಇಟ್ಟಿದ್ದು.

ನಮ್ಮ ತೋಟದ ಮನೆಗಳಲ್ಲಿ ಬಿಸಿಲು ಬಡಿಯುವ ಕಣದಲ್ಲಿ ಚಿಗಟ ಬಾಳುವುದಿಲ್ಲ. ಬಾಳುವುದು ಗೋಣಿಚೀಲ ಒಟ್ಟಿದ ಮೂಲೆಯಲ್ಲಿ, ಅಡಿಕೆ ಸಿಪ್ಪೆಯ ರಾಶಿಯ ಮರೆಯಲ್ಲಿ, ಬಚ್ಚಲ ಒಲೆಯ ಪಕ್ಕದಲ್ಲಿ, ಕೊಟ್ಟಿಗೆಯ ಒಣ ದರಗಿನಲ್ಲಿ, ಜೀಪಿನ ಹಿಂದಿನ ಸೀಟಿನ ಅಡಿಯಲ್ಲಿ. ಯಾವ ಕೋಣೆಯೆಂಬ ಅನುಮಾನವಿದ್ದರೆ ರಾತ್ರಿ ನೆಲದ ಮೇಲೆ ಅಗಲವಾದ ತಟ್ಟೆಯಲ್ಲಿ ಸಾಬೂನು ನೀರಿಟ್ಟು, ಅದರ ಮೇಲೆ ಒಂದು ಸಣ್ಣ ದೀಪ ಇರಿಸಿ. ಬೆಳಕಿಗೂ ಬಿಸಿಗೂ ಹಾರಿದ ಚಿಗಟ ನೀರಿಗೆ ಬಿದ್ದಿರುತ್ತದೆ. ಇದರಿಂದ ಚಿಗಟ ತೀರುವುದಿಲ್ಲ, ಎಲ್ಲಿದೆಯೆಂಬುದು ಗೊತ್ತಾಗುತ್ತದೆ, ಅಷ್ಟೆ.

ಆರಿಸುವುದು ಹೇಗೆ

ಪೇಟೆಯಲ್ಲಿ ಈಗ ಸಿಗುವ ಮದ್ದುಗಳು ಹಲವು. ಸಾಬೂನು, ಶಾಂಪೂಗಳಿಂದ ಆರಂಭಿಸೋಣ. ಅವು ಆ ಹೊತ್ತಿನ ಚಿಗಟವನ್ನು ಕೊಲ್ಲುತ್ತವೆ. ತೊಳೆದ ನೀರಿನೊಡನೆ ಔಷಧಿಯೂ ಹೋಗುತ್ತದೆ. ಸಂಜೆಗೆ ನಾಯಿ ಮತ್ತೆ ಅದೇ ಗೋಣಿಯ ಮೇಲೆ ಮಲಗಿದರೆ ಬೆಳಿಗ್ಗೆಗೆ ಹೊಸ ಚಿಗಟ. ಪುಡಿ ಒಣ ಸೀಮೆಯ ನಾಯಿಗೆ ಸರಿಹೋದೀತು, ಮಲೆನಾಡಿನ ಮಳೆಯಲ್ಲಿ ಅದು ಬೂದಿ ಚೆಲ್ಲಿದಂತೆ. ಕೊರಳಪಟ್ಟಿಗಳಲ್ಲಿ ಡೆಲ್ಟಾಮೆಥ್ರಿನ್ ಮೊದಲಾದವನ್ನು ಸೇರಿಸಿರುತ್ತಾರೆ. ಒಳ್ಳೆಯ ಪಟ್ಟಿ ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ; ಆದರೆ ಪದೇ ಪದೇ ನೆನೆದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ, ಬೇಲಿಗೆ ಸಿಕ್ಕಿ ಕಳೆದೂಹೋಗುತ್ತದೆ. ಕಟ್ಟುವುದಾದರೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಆ ನಾಯಿಯ ಕುತ್ತಿಗೆ ತಬ್ಬಿ ಆಡುವ ಮಕ್ಕಳಿರುವ ಮನೆಯಲ್ಲಿ ನಾವಾದರೆ ಕಟ್ಟುವುದಿಲ್ಲ.

ಬೆನ್ನಿನ ಮೇಲೆ ಬಿಡುವ ಹನಿಮದ್ದು ಇನ್ನೊಂದು. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಫಿಪ್ರೊನಿಲ್. ಭುಜಗಳ ನಡುವೆ, ನಾಯಿಯ ನಾಲಗೆಗೆ ಎಟುಕದ ಕಡೆ, ಕೂದಲನ್ನು ಬಿಡಿಸಿ ಚರ್ಮ ಕಂಡ ಮೇಲೆ ಹನಿ ಬಿಡಬೇಕು. ಕೂದಲ ಮೇಲೆ ಸುರಿದರೆ ದಂಡ. ಹಾಕುವ ಮೊದಲು ಎರಡು ದಿನ, ಹಾಕಿದ ಮೇಲೆ ಎರಡು ದಿನ ಸ್ನಾನ ಕೂಡದು. ಕೆಲವದರಲ್ಲಿ ಮೆಥೊಪ್ರಿನ್ ಎಂಬ ಇನ್ನೊಂದು ವಸ್ತುವನ್ನೂ ಸೇರಿಸಿರುತ್ತಾರೆ. ಅದು ಮೊಟ್ಟೆ ಮತ್ತು ಮರಿ ಬೆಳೆಯದಂತೆ ತಡೆಯುವುದರಿಂದ ಚಿಗಟದ ಕಾಟ ಹೆಚ್ಚಿರುವ ಮನೆಗೆ ಅಂಥದ್ದು ಮೇಲು. ಇಲ್ಲಿ ಒಂದು ಎಚ್ಚರಿಕೆ: ಫಿಪ್ರೊನಿಲ್ ಹೆಸರಿನ ಬೆಳೆ ಔಷಧಿಯೂ ಇದೆ, ಗದ್ದೆಗೆ ಹಾಕುತ್ತಾರೆ. ಹೆಸರು ಒಂದೇ ಎಂದು ಅದನ್ನು ನಾಯಿಗೆ ಹನಿಸಬಾರದು. ಪ್ರಮಾಣ ಬೇರೆ, ಅದರೊಡನೆ ಬೆರೆಸಿರುವ ವಸ್ತುಗಳು ಬೇರೆ. ಫಿಪ್ರೊನಿಲ್ ಜೇನಿಗೂ ಮೀನಿಗೂ ಕಡು ವಿಷವೆಂಬುದು ಇನ್ನೊಂದು ಮಾತು. ಇಂಗ್ಲೆಂಡಿನ ಇಪ್ಪತ್ತು ನದಿಗಳ ನೀರನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಎಲ್ಲ ಮಾದರಿಗಳಲ್ಲಿಯೂ ಅದು ಸಿಕ್ಕಿದ್ದು 2020ರ ಸುಮಾರಿಗೆ ಪ್ರಕಟವಾಯಿತು. ಅಲ್ಲಿ ಅದು ಸಾಕುಪ್ರಾಣಿಗಳ ಚಿಗಟದ ಮದ್ದಿನಿಂದ ಬಂದದ್ದೆಂದು ಶಂಕಿಸಿದ್ದಾರೆ. ಹೂಮಳೆಯ ಕಾಲದಲ್ಲಿ ಜೇನಿನ ದಾರಿ ಕಾಯುವ ನಾವು, ಮದ್ದು ಹಾಕಿದ ನಾಯಿಯನ್ನು ಹಳ್ಳಕ್ಕೆ ಇಳಿಸಿ ತೊಳೆಯುವುದು ಸರಿಯಲ್ಲ.

ಕೊನೆಯದು ಬಾಯಿಗೆ ಕೊಡುವ ಮಾತ್ರೆ. ಅಫಾಕ್ಸೊಲಾನರ್, ಫ್ಲುರಾಲಾನರ್, ಸಾರೋಲಾನರ್ ಎಂಬ ಹೆಸರುಗಳನ್ನು ಚೀಟಿಯಲ್ಲಿ ಕಾಣಬಹುದು. ಇವು ಬಳಕೆಗೆ ಬಂದದ್ದು 2013ರಿಂದ ಈಚೆಗೆ. ಮಾತ್ರೆ ರಕ್ತದಲ್ಲಿ ಸೇರಿ, ಕಚ್ಚಿದ ಚಿಗಟವನ್ನು ಒಂದು ದಿನದೊಳಗೆ, ಮೊಟ್ಟೆಯಿಡಲು ಬಿಡುವು ಕೊಡದೆ ಕೊಲ್ಲುತ್ತದೆ, ಉಣ್ಣೆಗೂ ಆಗುತ್ತದೆ. ಇವು ಹಿಡಿಯುವುದು ನರದ ಬೇರೊಂದು ಬಾಗಿಲನ್ನು. ಆ ಬಾಗಿಲು ಕೀಟದಲ್ಲಿ ಇವಕ್ಕೆ ಸಿಕ್ಕುವಷ್ಟು ಸುಲಭವಾಗಿ ನಾಯಿಯಲ್ಲಿ ಸಿಕ್ಕುವುದಿಲ್ಲ. ಕೆಲವು ಮಾತ್ರೆ ಒಂದು ತಿಂಗಳಿಗೆ, ಫ್ಲುರಾಲಾನರ್ ಸುಮಾರು ಮೂರು ತಿಂಗಳಿಗೆ ಬರುತ್ತದೆ. ದೋಷವಿಲ್ಲವೆಂದಲ್ಲ. ಕೆಲವು ನಾಯಿಗಳಿಗೆ ನಡುಕ, ಅಪಸ್ಮಾರದಂಥ ಸೆಳೆತ ಬಂದುದರಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಎಚ್ಚರಿಕೆ ಹೊರಡಿಸಿತು. ಹಿಂದೆ ಎಂದಾದರೂ ಸೆಳೆತ ಬಂದ ನಾಯಿಯಾದರೆ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಬೆಲೆಯೂ ಹಗುರವಲ್ಲ, ಒಂದು ಮಾತ್ರೆಗೆ ಹಲವು ನೂರು ರೂಪಾಯಿ.

ನಮ್ಮ ಅಭಿಪ್ರಾಯ ಕೇಳಿದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈ ಒಣಗುವುದೇ ಅಪರೂಪವಾದ ತೋಟದ ನಾಯಿಗೆ, ಆರೋಗ್ಯವಾಗಿದ್ದರೆ, ಮಾತ್ರೆಯೇ ಯುಕ್ತ. ಬೇಸಿಗೆಯಲ್ಲಿ ಹನಿಮದ್ದು ಸಾಕು. ನಾಯಿಯ ಮೈಯಿಂದ ಔಷಧಿ ತೊಳೆದುಹೋಗುವ ಕಾಲದಲ್ಲಿ ಮೈಮೇಲೆ ಹಾಕುವುದು, ಮಳೆ ಹೊಯ್ಯುತ್ತಿರುವಾಗ ಬೋರ್ಡೋ ಹೊಡೆದಂತೆ. ದುಡ್ಡು ಹೆಚ್ಚಾಯಿತೆನ್ನುವವರು ಹಿಂದಿನ ಮಳೆಗಾಲದಲ್ಲಿ ಶಾಂಪೂ, ಪುಡಿ, ಸ್ಪ್ರೇ ಎಂದು ಕೊಟ್ಟದ್ದನ್ನು ಒಮ್ಮೆ ಕೂಡಿಸಿ ನೋಡಲಿ.

ಯಾವ ಮದ್ದಾದರೂ ತೂಕದ ಮೇಲೆ. "ನಡುತರದ ನಾಯಿ" ಎಂದು ಅಂಗಡಿಯಲ್ಲಿ ಹೇಳಿದರೆ ಸಾಲದು. ನಾಯಿಯನ್ನು ಎತ್ತಿಕೊಂಡು ಅಡಿಕೆ ತೂಗುವ ಯಂತ್ರದ ಮೇಲೆ ನಿಂತು, ಆಮೇಲೆ ಒಬ್ಬರೇ ನಿಂತು, ಕಳೆದರೆ ಬಂತು. ದೊಡ್ಡ ನಾಯಿಯ ಮಾತ್ರೆಯನ್ನು ಕತ್ತರಿಸಿ ಎರಡು ಸಣ್ಣ ನಾಯಿಗೆ ಹಂಚುವ ಮಿತವ್ಯಯ ಬೇಡ. ತುಂಡಿನಲ್ಲಿ ಔಷಧಿ ಸಮನಾಗಿರುತ್ತದೆಂಬ ಭರವಸೆಯಿಲ್ಲ. ಕೊಡುವಾಗ ಕಡುಬಿನ ತುಂಡಿನೊಳಗೆ ಹುದುಗಿಸಿ ಕೊಟ್ಟು, ನುಂಗುವವರೆಗೆ ಅಲ್ಲೇ ನಿಲ್ಲಿ. ನಮ್ಮ ಈಗಿನ ನಾಯಿ ಕಡುಬನ್ನು ತಿಂದು ಮಾತ್ರೆಯನ್ನು ಹಂಡೆಯ ಹಿಂದೆ ಉಗುಳಿ ಬಂದದ್ದು ನಮಗೆ ಗೊತ್ತಾದದ್ದು ಹತ್ತು ದಿನದ ಮೇಲೆ.

ಮರಿಗಳ ವಿಷಯ ಬೇರೆ. ಹೆಚ್ಚಿನ ಮಾತ್ರೆಗಳಿಗೆ ಎಂಟು ವಾರ ತುಂಬಿರಬೇಕು, ತೂಕ ಸುಮಾರು ಎರಡು ಕಿಲೋ ಆದರೂ ಇರಬೇಕು. ಅದಕ್ಕಿಂತ ಎಳೆಯ ಮರಿಗೆ ಸೀರಣಿಗೆಯೇ ಔಷಧಿ. ಬಾಚಿದ ಚಿಗಟವನ್ನು ಸಾಬೂನು ನೀರಿಗೆ ಅದ್ದಬೇಕು. ಇದನ್ನು ಸಣ್ಣ ಮಾತೆಂದು ಬಿಡಬಾರದು. ಚಿಗಟ ಹೀರಿದ ರಕ್ತದಿಂದಲೇ ಎಳೆಯ ಮರಿಗಳು ಸಾಯುವುದುಂಟು. ತುಟಿ ಎತ್ತಿ ಒಸಡು ನೋಡಿ, ಬಿಳಚಿಕೊಂಡಿದ್ದರೆ ಅಂದೇ ವೈದ್ಯರಲ್ಲಿಗೆ ಒಯ್ಯಿರಿ.

ಅಡಿಕೆ ಗೋದಾಮಿನ ಇಲಿಗೆಂದು ಬೆಕ್ಕು ಸಾಕಿದವರು ಇನ್ನೂ ಜಾಗ್ರತೆಯಾಗಿರಬೇಕು. ನಾಯಿಗಳ ಮೇಲೆ ನಾವು ಕಾಣುವ ಚಿಗಟ ಬಹುಪಾಲು ಬೆಕ್ಕಿನ ಚಿಗಟದ ಜಾತಿಯದೇ; ನಾಯಿಗೆ ಮದ್ದು ಮಾಡಿ ಬೆಕ್ಕನ್ನು ಬಿಟ್ಟರೆ ಕೆಲಸ ಅರ್ಧ. ಆದರೆ ನಾಯಿಯ ಮದ್ದನ್ನು ಬೆಕ್ಕಿಗೆ ಹಾಕಬಾರದು. ಪರ್ಮೆಥ್ರಿನ್ ಇರುವ ನಾಯಿ ಮದ್ದು ಬೆಕ್ಕಿನ ಜೀವವನ್ನೇ ತೆಗೆಯುತ್ತದೆ. ನಾಯಿಯನ್ನು ಕಚ್ಚಿದ ಚಿಗಟವನ್ನು ನಾಯಿ ನುಂಗಿದರೆ ಲಾಡಿಹುಳವೂ ಹೊಟ್ಟೆ ಸೇರುತ್ತದೆ. ಬಾಲದ ಅಡಿಯಲ್ಲಿ ಸೌತೆಬೀಜದಂಥ ತುಣುಕುಗಳು ಕಂಡರೆ ಜಂತಿನ ಔಷಧಿಯನ್ನೂ ಕೇಳಿ. ನೆಲದಲ್ಲಿ ಆಡುವ ಮಗು ಚಿಗಟವನ್ನು ನುಂಗಿದರೆ ಮಗುವಿಗೂ ಅದು ಬರಬಹುದು.

ಮನೆಮದ್ದಿನ ಮಾತನ್ನು ಬಿಟ್ಟರೆ ನಮ್ಮ ಹಿರಿಯ ಸದಸ್ಯರು ಒಪ್ಪುವುದಿಲ್ಲ. ಹೊಗೆಸೊಪ್ಪಿನ ಕಷಾಯದಲ್ಲಿ ಇರುವುದು ನಿಕೊಟಿನ್, ಅದೂ ನರದ ವಿಷವೇ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ. ಬೇವಿನೆಣ್ಣೆಯನ್ನು ತೆಳುವಾಗಿ ಹಚ್ಚಿದರೆ ಚಿಗಟ ಸ್ವಲ್ಪ ದೂರವಿದ್ದೀತು, ತುಂಬಿದ ಮನೆಯನ್ನು ಅದು ಖಾಲಿ ಮಾಡಲಾರದು.

ನೆಲದ ಕೆಲಸ

ನಾಯಿಗೆ ಮದ್ದು ಕೊಟ್ಟ ದಿನವೇ ನೆಲದ ಕೆಲಸವನ್ನೂ ಆರಂಭಿಸಬೇಕು. ನಾಯಿ ಮಲಗಿದ ಹಳೆಯ ಗೋಣಿಯನ್ನು ಸುಟ್ಟುಬಿಡಿ. ಇಟ್ಟುಕೊಳ್ಳಲೇಬೇಕಾದ ಕಂಬಳಿ, ಬಟ್ಟೆಗಳನ್ನು ಕುದಿನೀರಿನಲ್ಲಿ ಅದ್ದಿ ಕಣದ ಬಿಸಿಲಿಗೆ ಹರವಿ. ಚೀಲದ ರಾಶಿಯನ್ನು ಗೋಡೆಯಿಂದ ಸರಿಸಿ, ಮೂಲೆ ಗುಡಿಸಿ, ಗುಡಿಸಿದ್ದನ್ನು ಒಲೆಗೆ ಹಾಕಿ. ಸಿಮೆಂಟು ನೆಲವಾದರೆ ಬಿರುಕುಗಳಿಗೆ ಕುದಿನೀರು ಹೊಯ್ಯಬಹುದು. ಸಗಣಿ ಸಾರಿಸಿದ ನೆಲವಾದರೆ ಬಿರುಕು ಮುಚ್ಚುವಂತೆ ಮತ್ತೆ ಸಾರಿಸಿ. ವಾರಕ್ಕೆ ಎರಡು ಸಲ ಗುಡಿಸಬೇಕು. ನಾವು ಈಗ ನಾಯಿಗೆ ಗೋಣಿ ಹಾಸುವುದನ್ನೇ ಬಿಟ್ಟು ಅಗಲವಾದ ಅಡಿಕೆ ಹಾಳೆ ಹಾಸುತ್ತೇವೆ. ಹಾಳೆಯ ಮೇಲೆ ಮೊಟ್ಟೆಗೆ ಅಡಗುವ ಮಡಿಕೆಯಿಲ್ಲ. ವಾರಕ್ಕೊಮ್ಮೆ ಹಳೆಯದನ್ನು ಬಚ್ಚಲ ಒಲೆಗೆ ಹಾಕಿ ಹೊಸದು ಹಾಸಿದರಾಯಿತು, ಖರ್ಚಿಲ್ಲ.

ಇಷ್ಟು ಮಾಡಿಯೂ ಮೂರನೆಯ ವಾರ ಚಿಗಟ ಕಾಣಿಸುತ್ತದೆ. ಮದ್ದು ಕೆಟ್ಟದ್ದೆಂದು ಬೈದು ಬೇರೊಂದನ್ನು ತರುವುದು, ಇಲ್ಲವೇ ಎರಡು ಮದ್ದು ಒಟ್ಟಿಗೆ ಹಾಕುವುದು ಇಂಥ ಹೊತ್ತಿನಲ್ಲಿಯೇ. ಇವು ಗೂಡಿನಲ್ಲಿ ಮೊದಲೇ ಇದ್ದವು, ಈಗ ಎದ್ದಿವೆ; ಮದ್ದಿರುವ ನಾಯಿಯನ್ನು ಕಚ್ಚಿ ಸಾಯುತ್ತವೆ. ತಪ್ಪದೆ ಮೂರು ತಿಂಗಳು, ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಒಟ್ಟಿಗೆ ಮಾಡಿದರೆ ನೆಲದ ದಾಸ್ತಾನು ಬರಿದಾಗುತ್ತದೆ. ಲೈನ್ ಮನೆಗಳ ನಾಯಿಗಳನ್ನೂ ಈ ಲೆಕ್ಕಕ್ಕೆ ಸೇರಿಸಿ. ಒಂದೇ ಅಂಗಳದಲ್ಲಿ ಓಡಾಡುವ ನಾಯಿಗಳಲ್ಲಿ ಯಜಮಾನರ ನಾಯಿಗೆ ಮಾತ್ರ ಮಾತ್ರೆ ಕೊಟ್ಟು ಪ್ರಯೋಜನವಿಲ್ಲ.

ಮಂಗನ ಕಾಯಿಲೆಯಿರುವ ಕಡೆಯ ಸದಸ್ಯರಿಗೆ ಒಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಹರಡುವುದು ಕಾಡಿನ ಉಣುಗುಗಳಿಂದ, ಚಿಗಟದಿಂದಲ್ಲ. ನಾಯಿಗೆ ಕೊಟ್ಟ ಮಾತ್ರೆ ಮನುಷ್ಯರಿಗೆ ರಕ್ಷೆಯಾಗುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ದರಗು, ಸೌದೆಗೆ ಹೋಗುವವರು ಆರೋಗ್ಯ ಇಲಾಖೆ ಹೇಳಿದಂತೆ ಮೈಗೆ ಎಣ್ಣೆ ಹಚ್ಚಿಕೊಂಡೇ ಹೋಗಬೇಕು.

ಇಷ್ಟೆಲ್ಲದರ ಮೇಲೂ ಯಾರಾದರೂ ತೋಟದ ಔಷಧಿಯನ್ನು ನಾಯಿಗೆ ಹಾಕಿಬಿಟ್ಟಿದ್ದರೆ, ಅಥವಾ ಔಷಧಿ ಒರೆಸಿದ ಬ್ಯಾರಲ್ಲಿನ ನೀರನ್ನು ನಾಯಿ ತಾನೇ ಕುಡಿದಿದ್ದರೆ, ಲಕ್ಷಣ ಕಾಣಿಸಲೆಂದು ಕಾಯಬಾರದು. ಮೈಗೆ ತಾಗಿದ್ದರೆ ಕೈಗೆ ಗವಸು, ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಂಡು ಸಾಬೂನಿನಿಂದ ಹಲವು ಸಲ ತೊಳೆಯಿರಿ, ನೆಕ್ಕಲು ಬಿಡಬೇಡಿ. ಹಾಲು, ಎಣ್ಣೆ, ನಿಂಬೆರಸ ಏನನ್ನೂ ಗಂಟಲಿಗೆ ಹೊಯ್ಯಬೇಡಿ, ವಾಂತಿ ಮಾಡಿಸಲು ಹೋಗಬೇಡಿ. ಡಬ್ಬಿಯನ್ನು ಅದರ ಚೀಟಿ ಸಹಿತ ಜೀಪಿಗೆ ಹಾಕಿಕೊಳ್ಳಿ. ಅದು ಯಾವ ಗುಂಪಿನ ವಿಷವೆಂದು ತಿಳಿದರೆ ಮಾತ್ರ ವೈದ್ಯರು ಅದಕ್ಕೆ ತಕ್ಕ ಪ್ರತಿವಿಷ ಕೊಡಬಲ್ಲರು. ಬ್ರಾಂದಿ ಬಾಟಲಿಗೆ ಸುರಿದಿಟ್ಟ ಔಷಧಿಗೆ ಹೆಸರಿರುವುದಿಲ್ಲ.

ಮಳಿಗೆಗೆ ಬಂದಿದ್ದ ಹುಡುಗನಿಗೆ ಕಾಳನ ಕಥೆ ಹೇಳಿದೆವು. ಅವನು ಮಾತಾಡದೆ ಹೋಗಿ ಮರುದಿನ ನಾಯಿಯನ್ನು ಬೈಕಿನ ಮುಂದೆ ಕೂರಿಸಿಕೊಂಡು ಬಂದ. ಸಂಘದ ತೂಕದ ಯಂತ್ರದ ಮೇಲೆ ಅದು ಹದಿನೇಳು ಕಿಲೋ ತೂಗಿತು. ಗುಮಾಸ್ತರು ಅದನ್ನು ಅಭ್ಯಾಸಬಲದಿಂದ ಚೀಟಿಯಲ್ಲಿ ಬರೆದು, ಎಷ್ಟು ಚೀಲವೆಂದು ಕೇಳಿ ಎಲ್ಲರನ್ನೂ ನಗಿಸಿದರು. ಆ ಚೀಟಿ ಹಿಡಿದು ಪಶುವೈದ್ಯರಲ್ಲಿಗೆ ಹೋಗಿದ್ದಾನೆ. ಜಗಲಿಯ ಮೂಲೆಯ ಗೋಣಿಗಳನ್ನು ಸುಡಲು ಅಜ್ಜಿ ಒಪ್ಪುತ್ತಿಲ್ಲವೆಂದು ನಿನ್ನೆ ಫೋನು ಮಾಡಿದ್ದ. ಅಜ್ಜಿಯವರೊಡನೆ ನಾವೇ ಮಾತನಾಡಬೇಕೆಂದಿದ್ದೇವೆ.

ನಾಯಿಯನ್ನು ತೂಗಿಸಬೇಕೆನ್ನುವ ಸದಸ್ಯರು ಸಂಘದ ಗೋದಾಮಿಗೆ ಮಧ್ಯಾಹ್ನ ಎರಡರ 뒤 ಬರಬಹುದು. ಅಡಿಕೆ ಆವಕವಾಗುವ ದಿನ ಮಾತ್ರ ಬೇಡ.